ಮಾರುತಿ 800ರ ಸ್ಪಾರ್ಕ್ ಪ್ಲಗ್: ಮನೆಯಲ್ಲೇ ಬಿಚ್ಚಿ, ನೋಡಿ, ಬದಲಿಸುವ ಬಗೆ

ನಮ್ಮ ಮನೆಯ ಮಾರುತಿ 800 1997ರ ಗಾಡಿ. ಗಾಳಿಗೆ ಪೆಟ್ರೋಲ್ ಬೆರೆಸಿ ಇಂಜಿನ್ನಿಗೆ ಕಳಿಸುವ ಕಾರ್ಬ್ಯುರೇಟರ್ ಇರುವುದು. ನಮ್ಮದು ಮಲೆನಾಡಿನ ಸಾಗರದ ಕಡೆ. ಜೂನ್ ಬಂತೆಂದರೆ ನಾಲ್ಕು ತಿಂಗಳು ಮಳೆ, ಥಂಡಿ, ಎಲ್ಲ ಕಡೆ ತೇವ. ಅಂಥ ಬೆಳಿಗ್ಗೆ, ಗಾಳಿ ಕಮ್ಮಿ ಮಾಡಿ ಪೆಟ್ರೋಲ್ ಜಾಸ್ತಿ ಬಿಡುವ ಚೋಕ್ ಎಳೆದು ಕೀ ತಿರುಗಿಸಿದಾಗ ಇಂಜಿನ್ ಒಂದೇ ಸಲಕ್ಕೆ ಎದ್ದರೆ ಸಮಾಧಾನ. ಮೂರ್ನಾಲ್ಕು ಸಲ ಕೊಸರಾಡಿ, ಎದ್ದ ಮೇಲೂ ಕುಂಟುತ್ತಿದ್ದರೆ ನಾನು ಮೊದಲು ಸಿಲಿಂಡರಿನ ಒಳಗೆ ಕಿಡಿ ಹಾರಿಸಿ ಪೆಟ್ರೋಲ್ ಹೊತ್ತಿಸುವ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುತ್ತೇನೆ.

ಪ್ಲಗ್ ಬದಲಿಸುವುದು ಗ್ಯಾರೇಜಿನವರಿಗೆ ಕಾಲು ಗಂಟೆಯ ಕೆಲಸ. ಕೂಲಿಯೂ ಜಾಸ್ತಿ ಇಲ್ಲ. ಹಾಗಾದರೆ ಮನೆಯಲ್ಲಿ ಯಾಕೆ ಮಾಡಬೇಕು? ದುಡ್ಡು ಉಳಿಸಲಿಕ್ಕಲ್ಲ. ಇಂಜಿನ್ನಿನ ಒಳಗೆ, ಬೆಂಕಿ ಉರಿಯುವ ಜಾಗದಲ್ಲಿ ಕೂತು ಎದ್ದು ಬರುವ ವಸ್ತು ಈ ಪ್ಲಗ್ ಒಂದೇ. ಪೆಟ್ರೋಲ್ ಸರಿಯಾಗಿ ಉರಿಯುತ್ತಿದೆಯಾ, ಆಯಿಲ್ ಒಳಗೆ ಇಳಿಯುತ್ತಿದೆಯಾ, ಯಾವ ಸಿಲಿಂಡರ್ ಸೊರಗಿದೆ ಎಂಬುದೆಲ್ಲ ಅದರ ತುದಿಯಲ್ಲಿ ಬರೆದಿರುತ್ತದೆ. ಗ್ಯಾರೇಜಿನಲ್ಲಿ ಬದಲಿಸಿದರೆ ಆ ಹಳೆ ಪ್ಲಗ್ ನೇರ ಗುಜರಿ ಡಬ್ಬಿಗೆ ಹೋಗುತ್ತದೆ. ನಮ್ಮ ಗಾಡಿಯ ಸುದ್ದಿ ನಮಗೇ ಸಿಗುವುದಿಲ್ಲ.

ಇಲ್ಲಿ ಹೇಳುತ್ತಿರುವುದು 796 ಸಿಸಿಯ, ಮೂರು ಸಿಲಿಂಡರಿನ, ಡಿಸ್ಟ್ರಿಬ್ಯೂಟರ್ (ಒಂದೊಂದು ಪ್ಲಗ್ಗಿಗೆ ಸರದಿಯಲ್ಲಿ ಕರೆಂಟು ಹಂಚುವ ಭಾಗ) ಇರುವ ಮಾರುತಿ 800ರ ಬಗ್ಗೆ. 1983ರ ಡಿಸೆಂಬರಿನಲ್ಲಿ ಮೊದಲ ಗಾಡಿ ಹೊರಬಂದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಕಾರು ಇದು. ನಮ್ಮ ಊರುಗಳಲ್ಲಿ ಇನ್ನೂ ಎಷ್ಟೋ ಓಡುತ್ತಿವೆ. ಹಳೆ ಝೆನ್, ಎಸ್ಟೀಮ್ ಇದ್ದವರಿಗೂ ಕೆಲಸದ ರೀತಿ ಇದೇ. ಅವುಗಳಲ್ಲಿ ಮೂರರ ಬದಲು ನಾಲ್ಕು ಪ್ಲಗ್ ಇರುತ್ತವೆ ಅಷ್ಟೆ.

ಪ್ಲಗ್ ಮೇಲೆ ಅನುಮಾನ ಯಾವಾಗ?

ಐಡಲ್‌ನಲ್ಲಿ ನಿಂತಾಗ ಗಾಡಿ ಒಂದೇ ಸಮ ನಡುಗದೆ ಆಗಾಗ ಜರ್ಕ್ ಹೊಡೆದರೆ, ಏರಿನಲ್ಲಿ ಮೂರನೇ ಗೇರಿಗೆ ಸಲೀಸಾಗಿ ಎಳೆಯುತ್ತಿದ್ದದ್ದು ಈಗ ಎರಡಕ್ಕೆ ಇಳಿಸಬೇಕಾದರೆ, ಮೈಲೇಜ್ ಕಾರಣವಿಲ್ಲದೆ ಬಿದ್ದರೆ ಪ್ಲಗ್ ನೋಡಬೇಕು. ಎಮಿಷನ್ ಟೆಸ್ಟ್ ಮಾಡಿಸಿದಾಗಲೂ ಒಂದು ಸುಳಿವು ಸಿಗುತ್ತದೆ. ಆ ಚೀಟಿಯಲ್ಲಿ ಎಚ್‌ಸಿ ಎಂದು ಒಂದು ಅಂಕಿ ಇರುತ್ತದೆ. ಅದು ಉರಿಯದೆ ಹೊರಗೆ ಹೋದ ಪೆಟ್ರೋಲಿನ ಲೆಕ್ಕ. ಒಂದು ಪ್ಲಗ್ ಆಗಾಗ ಕಿಡಿ ತಪ್ಪಿಸಿದರೂ ಅದು ಏರುತ್ತದೆ. ಮೆಕ್ಯಾನಿಕ್‌ಗಳು ಇದನ್ನೇ ‘ಗಾಡಿ ಮಿಸ್ಸಿಂಗ್ ಹೊಡೀತಿದೆ’ ಅನ್ನುತ್ತಾರೆ.

ಆದರೆ ಎಲ್ಲಕ್ಕೂ ಪ್ಲಗ್ಗನ್ನೇ ದೂರಬೇಡಿ. ಏರ್ ಫಿಲ್ಟರ್ ಕಟ್ಟಿಕೊಂಡರೆ, ಪ್ಲಗ್ ವೈರು ಒಳಗೆ ತುಂಡಾದರೆ, ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೆ ತೇವ ಕೂತರೆ ಇವೇ ಲಕ್ಷಣ ಕಾಣಿಸುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಕೊನೆಯದ್ದೇ ಜಾಸ್ತಿ. ಕ್ಯಾಪ್ ತೆಗೆದು ಒಣ ಬಟ್ಟೆಯಲ್ಲಿ ಒರೆಸಿದ್ದಕ್ಕೇ ಗಾಡಿ ಸರಿಯಾದದ್ದು ನನಗೆ ಎಷ್ಟೋ ಸಲ.

ಮಾಮೂಲಿ ನಿಕ್ಕೆಲ್ ಪ್ಲಗ್ಗನ್ನು ನಾನು 10,000 ಕಿ.ಮೀ.ಗೆ ಒಮ್ಮೆ ಬಿಚ್ಚಿ ನೋಡುತ್ತೇನೆ, 20,000ಕ್ಕೆ ಬದಲಿಸುತ್ತೇನೆ. ಲೆಕ್ಕ ಹಾಕಿ ನೋಡಿ. ಇಂಜಿನ್ 2,500 ಆರ್‌ಪಿಎಮ್‌ನಲ್ಲಿ ತಿರುಗುವಾಗ ಒಂದೊಂದು ಪ್ಲಗ್ ನಿಮಿಷಕ್ಕೆ 1,250 ಸಲ ಕಿಡಿ ಹಾರಿಸುತ್ತದೆ. ಸರಾಸರಿ ಗಂಟೆಗೆ 40 ಕಿ.ಮೀ. ಹಾಗೆ 20,000 ಕಿ.ಮೀ. ಓಡಿಸಿದರೆ 500 ಗಂಟೆ. ಅಷ್ಟರಲ್ಲಿ ಮೂರೂವರೆ ಕೋಟಿಗಿಂತ ಜಾಸ್ತಿ ಕಿಡಿ! ಪ್ರತಿ ಕಿಡಿಗೂ ಲೋಹ ಒಂದು ಕೂದಲೆಳೆಯ ಕೋಟಿಯ ಒಂದು ಪಾಲು ಸವೆದರೂ ಕೊನೆಗೆ ಕಣ್ಣಿಗೆ ಕಾಣುವಷ್ಟು ಸವೆದಿರುತ್ತದೆ.

ಕೊಳ್ಳುವಾಗ ಕೋಡ್ ಓದಿ

ಅಂಗಡಿಗೆ ಹೋಗಿ ‘ಮಾರುತಿ 800ರ ಪ್ಲಗ್ ಕೊಡಿ’ ಅಂದರೆ ಸಾಲದು. ಗಾಡಿಯ ಮ್ಯಾನ್ಯುವಲ್‌ನಲ್ಲಿ ಕೋಡ್ ಇರುತ್ತದೆ, ಅದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನಮ್ಮ ಗಾಡಿಯಲ್ಲಿರುವುದು ಎನ್‌ಜಿಕೆ ಕಂಪನಿಯ ಬಿಪಿಆರ್5ಇಎಸ್. ಈ ಅಕ್ಷರಗಳಿಗೆ ಅರ್ಥ ಇದೆ. ‘ಬಿ’ ಅಂದರೆ ಥ್ರೆಡ್ಡಿನ ಅಗಲ 14 ಮಿ.ಮೀ., ಸ್ಪ್ಯಾನರ್ ಹಿಡಿಯುವ ಜಾಗ 20.8 ಮಿ.ಮೀ. ‘ಪಿ’ ಅಂದರೆ ಬಿಳಿ ಪಿಂಗಾಣಿಯ ತುದಿ ಸ್ವಲ್ಪ ಹೊರಗೆ ಚಾಚಿದೆ. ‘ಆರ್’ ಅಂದರೆ ಒಳಗೊಂದು ರೆಸಿಸ್ಟರ್ ಇದೆ. ಅದಿದ್ದರೆ ರೇಡಿಯೋದಲ್ಲಿ ಕರಕರ ಸದ್ದು ಬರುವುದಿಲ್ಲ. ‘ಇ’ ಅಂದರೆ ಥ್ರೆಡ್ಡಿನ ಉದ್ದ 19 ಮಿ.ಮೀ. ಕೊನೆಯ ‘ಎಸ್’ ಮಾಮೂಲಿ ನಡುಕಡ್ಡಿಯ, ಅಂದರೆ ಪಿಂಗಾಣಿಯ ನಡುವಿನಿಂದ ಹೊರಗೆ ಕಾಣುವ ಲೋಹದ ಕಡ್ಡಿಯ ಗುರುತು.

ಉದ್ದದ ವಿಷಯದಲ್ಲಿ ಹುಷಾರು. ಗಿಡ್ಡ ಪ್ಲಗ್ ಹಾಕಿದರೆ ಕೆಳಗಿನ ಥ್ರೆಡ್ ಖಾಲಿ ಉಳಿದು ಅಲ್ಲಿ ಮಸಿ ಗಟ್ಟಿಯಾಗುತ್ತದೆ. ಮುಂದೆ ಸರಿಯಾದ ಪ್ಲಗ್ ಹಾಕಲು ಹೋದರೆ ಇಳಿಯುವುದಿಲ್ಲ. ಉದ್ದ ಜಾಸ್ತಿಯಾದರೆ ಪಿಸ್ಟನ್‌ಗೇ ಬಡಿಯಬಹುದು.

ನಡುವಿನ ಅಂಕಿ, ಅಂದರೆ 5, ಪ್ಲಗ್ ಎಷ್ಟು ಬೇಗ ಶಾಖ ಬಿಟ್ಟುಕೊಡುತ್ತದೆ ಎಂಬುದನ್ನು ಹೇಳುತ್ತದೆ. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರ ಮೇಲೆ ಕೂತ ಮಸಿ ತಾನಾಗಿ ಸುಟ್ಟುಹೋಗುತ್ತದೆ. 800 ಡಿಗ್ರಿ ದಾಟಿದರೆ ಕಿಡಿ ಬರುವ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳುತ್ತದೆ. ಎರಡರ ನಡುವೆ ಇರಬೇಕು. ಎನ್‌ಜಿಕೆಯಲ್ಲಿ ಅಂಕಿ ಹೆಚ್ಚಾದಷ್ಟೂ ಪ್ಲಗ್ ತಣ್ಣಗಿನದು. ಬಾಷ್‌ನಲ್ಲಿ ಇದು ಪೂರಾ ಉಲ್ಟಾ, ಅಂಕಿ ಹೆಚ್ಚಾದಷ್ಟೂ ಬಿಸಿ. ಒಂದು ಕಂಪನಿಯ ಅಂಕಿ ನೋಡಿ ಇನ್ನೊಂದರದ್ದು ಕೊಳ್ಳುವವರು ಇಲ್ಲೇ ಎಡವುತ್ತಾರೆ. ಕಂಪನಿ ಬದಲಿಸುವುದಾದರೆ ಅದರದ್ದೇ ಪಟ್ಟಿಯಲ್ಲಿ ನಿಮ್ಮ ಗಾಡಿಯ ಹೆಸರು ಹುಡುಕಿ.

ಹಳೆಯ ಮೆಕ್ಯಾನಿಕ್‌ಗಳು ಈಗಲೂ ‘ಮೈಕೋ ಪ್ಲಗ್’ ಅನ್ನುತ್ತಾರೆ. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೇರುಬಿಟ್ಟ ಮೈಕೋ ಕಂಪನಿಯ ನೆನಪು ಅದು. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಅಂಗಡಿಯವರು ‘ಮೈಕೋ ಇದೆ’ ಅಂದರೆ ಬಾಷ್ ಡಬ್ಬಿ ಕೊಡುತ್ತಾರೆ, ಗೊಂದಲ ಬೇಡ.

ಇರಿಡಿಯಂ ಪ್ಲಗ್ ಹಾಕಬೇಕಾ? ಹಲವರು ಕೇಳುತ್ತಾರೆ. ಅದು ಜಾಸ್ತಿ ದಿನ ಬರುತ್ತದೆ, ನಿಜ. ಬೆಲೆಯೂ ಕೆಲವು ಪಟ್ಟು ಜಾಸ್ತಿ. ಆದರೆ ಕಾರ್ಬ್ಯುರೇಟರ್ ಗಾಡಿಯಲ್ಲಿ ಪೆಟ್ರೋಲ್ ಹೆಚ್ಚುಕಮ್ಮಿ ಆಗುತ್ತಲೇ ಇರುತ್ತದೆ, ಚೋಕ್ ಎಳೆದಾಗಲೆಲ್ಲ ಮಸಿ ಕೂರುತ್ತದೆ. ಮಸಿ ಹಿಡಿದರೆ ದುಬಾರಿ ಪ್ಲಗ್ಗೂ ಒಂದೇ, ಅಗ್ಗದ ಪ್ಲಗ್ಗೂ ಒಂದೇ. ನನ್ನ ಮಟ್ಟಿಗೆ ಈ ಗಾಡಿಗೆ ನಿಕ್ಕೆಲ್ ಪ್ಲಗ್ಗೇ ಸರಿ. ಆದರೆ ನಕಲಿ ಮಾಲಿನ ಬಗ್ಗೆ ಎಚ್ಚರ ಇರಲಿ. ಬೆಂಗಳೂರಿನ ಜೆ.ಸಿ. ರಸ್ತೆಯಿರಲಿ, ನಿಮ್ಮೂರಿನ ಅಂಗಡಿಯಿರಲಿ, ಬಿಲ್ ಕೊಡುವಲ್ಲಿ ಕೊಳ್ಳಿ. ಪಿಂಗಾಣಿಯ ಮೇಲಿನ ಅಕ್ಷರ ಉಗುರಿನಿಂದ ಕೆರೆದರೆ ಅಳಿಸಬಾರದು. ಕೆಳಗಿನ ಬಾಗಿದ ಕಡ್ಡಿ ನಡುಕಡ್ಡಿಯ ನೇರಕ್ಕೆ ಇರಬೇಕು. ಮೂರೂ ಪ್ಲಗ್ ಒಟ್ಟಿಗೆ ಬದಲಿಸಿ. ಒಂದೇ ಒಂದು ಬದಲಿಸಿದರೆ ಮುಂದೆ ನೋಡಿ ಹೋಲಿಸಲು ಬರುವುದಿಲ್ಲ.

ಬೇಕಾದ ಸಾಮಾನು

ಮುಖ್ಯವಾದದ್ದು ಪ್ಲಗ್ ಸ್ಪ್ಯಾನರ್. 20.8 ಮಿ.ಮೀ. ಇದ್ದರೂ ಅಂಗಡಿಯಲ್ಲಿ ಇದನ್ನು 21 ಎಂದೇ ಮಾರುತ್ತಾರೆ. ಒಳಗೆ ರಬ್ಬರ್ ಬಳೆ ಇರುವುದನ್ನು ಆರಿಸಿ, ಅದು ಪ್ಲಗ್ಗನ್ನು ಹಿಡಿದುಕೊಳ್ಳುತ್ತದೆ, ಪಿಂಗಾಣಿಗೂ ಪೆಟ್ಟು ಬೀಳುವುದಿಲ್ಲ. ಗಾಡಿಯ ಜೊತೆ ಬಂದ ಕೊಳವೆಯಂಥ ಸ್ಪ್ಯಾನರ್ ಇದ್ದರೆ ಅದೂ ಆಗುತ್ತದೆ. ಗ್ಯಾಪ್, ಅಂದರೆ ನಡುಕಡ್ಡಿಗೂ ಬಾಗಿದ ಕಡ್ಡಿಗೂ ನಡುವಿನ ಸಂದಿ ಅಳೆಯಲು ಫೀಲರ್ ಗೇಜ್ (ಬೇರೆ ಬೇರೆ ದಪ್ಪದ ಲೋಹದ ಎಲೆಗಳ ಕಟ್ಟು) ಬೇಕು. ಸುಮ್ನೆ ಕಣ್ಣಳತೆಯಲ್ಲಿ ಮಾಡಬೇಡಿ. ಎಷ್ಟು ಬಲಕ್ಕೆ ಬಿಗಿಯಾಯಿತು ಎಂದು ತೋರಿಸುವ ಟಾರ್ಕ್ ರೆಂಚ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ದಾರಿ ಇದೆ, ಮುಂದೆ ಹೇಳುತ್ತೇನೆ.

ಇನ್ನೆರಡು ಸಾಮಾನು ಮನೆಯಲ್ಲೇ ಸಿಗುತ್ತವೆ. ಒಂದು ಸೈಕಲ್ ಪಂಪು. ಇನ್ನೊಂದು ಗೇಣುದ್ದದ ರಬ್ಬರ್ ಪೈಪು. ಪೆಟ್ರೋಲ್ ಪೈಪಿನ ಹಳೆ ತುಂಡು ಸಾಕು, ಪ್ಲಗ್ಗಿನ ತಲೆಗೆ ಬಿಗಿಯಾಗಿ ಕೂರಬೇಕು ಅಷ್ಟೆ. ಜೊತೆಗೆ ಒಂದು ಟಾರ್ಚು, ಹಳೆ ಬನಿಯನ್ ಬಟ್ಟೆ, ಬಿಳಿ ಟೇಪು, ಪೆನ್ನು.

ತಣ್ಣಗಿರುವಾಗಲೇ ಶುರು ಮಾಡಿ

ಬೆಳಿಗ್ಗೆ, ಗಾಡಿ ಓಡಿಸುವ ಮೊದಲು ಮಾಡಿ. ಕೈ ಸುಡುತ್ತದೆ ಎಂಬುದೊಂದೇ ಕಾರಣ ಅಲ್ಲ. ಈ ಇಂಜಿನ್ನಿನ ಹೆಡ್, ಅಂದರೆ ಸಿಲಿಂಡರುಗಳ ಮೇಲೆ ಕೂತು ಪ್ಲಗ್ ಹಿಡಿದಿರುವ ಭಾಗ, ಅಲ್ಯೂಮಿನಿಯಂ, ಪ್ಲಗ್ಗಿನ ಮೈ ಉಕ್ಕು. ಬಿಸಿಯಲ್ಲಿ ಅಲ್ಯೂಮಿನಿಯಂ ಥ್ರೆಡ್ ಮೆತ್ತಗಿರುತ್ತದೆ. ಆಗ ಜೋರು ಮಾಡಿ ತಿರುಗಿಸಿದರೆ ಪ್ಲಗ್ಗಿನ ಜೊತೆ ಥ್ರೆಡ್ಡೂ ಕಿತ್ತು ಬರಬಹುದು. ಗಾಡಿ ಓಡಿಸಿ ಬಂದಿದ್ದರೆ ಎರಡು ಮೂರು ಗಂಟೆ ಕಾಯಿರಿ.

ನೆಲ ಸಮವಾಗಿರುವ ಕಡೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಮನೆಯಲ್ಲಿ ಮಕ್ಕಳಿದ್ದರೆ ಇದು ಮುಖ್ಯ. ನೀವು ಬಗ್ಗಿ ಕೆಲಸ ಮಾಡುವಾಗ ಯಾರೂ ಒಳಗೆ ಕೂತು ಕೀ ತಿರುಗಿಸುವ ಹಾಗೆ ಇರಬಾರದು. ಪ್ಲಗ್ಗಿಗೆ ಹೋಗುವ ಕರೆಂಟು ಹತ್ತಿಪ್ಪತ್ತು ಸಾವಿರ ವೋಲ್ಟ್.

ಬಾನೆಟ್ ಎತ್ತಿ. ಡಿಸ್ಟ್ರಿಬ್ಯೂಟರ್ ಕ್ಯಾಪಿನಿಂದ ನಾಲ್ಕು ದಪ್ಪ ವೈರು ಹೊರಟಿರುತ್ತವೆ. ನಡುವಿನದ್ದು ಇಗ್ನಿಷನ್ ಕಾಯಿಲ್‌ಗೆ ಹೋಗುತ್ತದೆ. ಉಳಿದ ಮೂರನ್ನು ಹಿಡಿದು ಹೋದರೆ ಪ್ಲಗ್ ಸಿಗುತ್ತವೆ. ಬೆಲ್ಟ್ ಇರುವ ಕಡೆಯದ್ದು ಒಂದನೇ ಸಿಲಿಂಡರ್. ಪ್ರತಿ ವೈರಿಗೆ ಟೇಪು ಸುತ್ತಿ 1, 2, 3 ಎಂದು ಬರೆಯಿರಿ. ಫೋನಿನಲ್ಲಿ ಒಂದು ಫೋಟೋವನ್ನೂ ತೆಗೆದಿಡಿ. ಈ ಇಂಜಿನ್ 1-3-2 ಕ್ರಮದಲ್ಲಿ ಉರಿಯುತ್ತದೆ. ವೈರು ಅದಲುಬದಲಾದರೆ ಗಾಡಿ ಎದ್ದೇಳುವುದಿಲ್ಲ, ಎದ್ದರೂ ಸೈಲೆನ್ಸರಿನಲ್ಲಿ ಪಟಪಟ ಸಿಡಿಯುತ್ತದೆ. ಅದಕ್ಕೇ ನಾನು ಒಂದು ಪ್ಲಗ್ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುತ್ತೇನೆ. ಮೂರೂ ವೈರು ಒಟ್ಟಿಗೆ ಕಿತ್ತು ಹಾಕುವುದಿಲ್ಲ.

ವೈರು ಕೀಳುವಾಗ ವೈರನ್ನು ಹಿಡಿದು ಎಳೆಯಬೇಡಿ. ಒಳಗಿರುವುದು ತಾಮ್ರದ ತಂತಿಯಲ್ಲ, ಕಾರ್ಬನ್ ಎಳೆ. ಹೊರಗಿನ ರಬ್ಬರ್ ಚೆನ್ನಾಗಿಯೇ ಕಾಣುತ್ತದೆ, ಒಳಗೆ ತುಂಡಾಗಿರುತ್ತದೆ. ಕೊನೆಯ ರಬ್ಬರ್ ಕ್ಯಾಪನ್ನೇ ಹಿಡಿದು, ಆ ಕಡೆ ಈ ಕಡೆ ಸ್ವಲ್ಪ ತಿರುಗಿಸಿ, ನೇರ ಹೊರಗೆ ಎಳೆಯಿರಿ. ಎಷ್ಟೋ ವರ್ಷ ಕೂತ ಕ್ಯಾಪ್ ಅಂಟಿಕೊಂಡಿರುತ್ತದೆ. ತಿರುಗಿಸಿದಾಗ ಬಿಡುತ್ತದೆ.

ಮಣ್ಣು ಊದಿ, ಆಮೇಲೆ ಬಿಚ್ಚಿ

ಪ್ಲಗ್ಗಿನ ಸುತ್ತ ಧೂಳು, ಮರಳು, ಒಣಗಿದ ಕೆಸರು ಕೂತಿರುತ್ತದೆ. ಪ್ಲಗ್ ತೆಗೆದ ಕೂಡಲೇ ಅದೆಲ್ಲ ನೇರ ಸಿಲಿಂಡರಿಗೆ ಬೀಳುತ್ತದೆ. ಒಂದು ಕಾಳು ಮರಳು ಸಾಕು, ಸಿಲಿಂಡರಿನ ಗೋಡೆಗೆ ಗೀರು ಬೀಳಿಸಲು. ಸೈಕಲ್ ಪಂಪಿನಿಂದ ನಾಲ್ಕೈದು ಸಲ ಜೋರಾಗಿ ಊದಿ. ಕಣ್ಣಿಗೆ ಕನ್ನಡಕ ಇರಲಿ. ಪ್ಲಗ್ಗಿನ ಬುಡದಲ್ಲಿ ಆಯಿಲ್ ನಿಂತಿದ್ದರೆ ಬಟ್ಟೆಯಲ್ಲಿ ಒರೆಸಿ. ವಾಲ್ವ್ ಕವರಿನ ಪ್ಯಾಕಿಂಗ್ ಸೋರುತ್ತಿದೆ ಎಂದು ಅದರ ಅರ್ಥ. ಡೈರಿಯಲ್ಲಿ ಬರೆದಿಟ್ಟುಕೊಳ್ಳಿ, ಆಮೇಲೆ ನೋಡಬಹುದು.

ಈಗ ಸ್ಪ್ಯಾನರ್ ಪೂರ್ತಿ ಕೆಳಗೆ ಕೂರಿಸಿ. ಓರೆಯಾಗಿದ್ದರೆ ಪಿಂಗಾಣಿ ಒಡೆಯುತ್ತದೆ. ಎಡಕ್ಕೆ, ಅಂದರೆ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಿ. ಮೊದಲ ಹಿಡಿತ ‘ಟಕ್’ ಎಂದು ಬಿಡಬೇಕು, ಆಮೇಲೆ ಸಲೀಸಾಗಿ ಬರಬೇಕು. ಬಿಗಿಯಾಗಿಯೇ ಇದ್ದರೆ ಜಬರದಸ್ತಿ ಬೇಡ. ತುಕ್ಕು ಬಿಡಿಸುವ ಸ್ಪ್ರೇ ಬುಡಕ್ಕೆ ಹೊಡೆದು ಅರ್ಧ ಗಂಟೆ ಬಿಡಿ. ಆಮೇಲೆ ಕಾಲು ಸುತ್ತು ಬಿಚ್ಚಿ, ಅಷ್ಟೇ ವಾಪಸ್ ಬಿಗಿ ಮಾಡಿ, ಮತ್ತೆ ಬಿಚ್ಚಿ. ಹೀಗೆ ಹಿಂದೆ ಮುಂದೆ ಮಾಡುತ್ತಾ ಬಂದರೆ ಥ್ರೆಡ್ಡಿನಲ್ಲಿ ಕೂತ ಮಸಿ ಪುಡಿಯಾಗುತ್ತದೆ. ಅಷ್ಟಾದರೂ ಬಾರದಿದ್ದರೆ ನಿಲ್ಲಿಸಿ, ಅನುಭವ ಇರುವವರನ್ನು ಕರೆಯಿರಿ. ಮುರಿದ ಪ್ಲಗ್ ತೆಗೆಯಲು ಹೆಡ್ಡನ್ನೇ ಇಳಿಸಬೇಕಾಗಿ ಬರಬಹುದು.

ಪ್ಲಗ್ ಓದುವುದು

ಬಿಚ್ಚಿದ ಪ್ಲಗ್ಗಿಗೂ ಟೇಪು ಅಂಟಿಸಿ ಅದರ ನಂಬರ್ ಬರೆಯಿರಿ. ರಟ್ಟಿನ ಡಬ್ಬಿಗೆ ಮೂರು ತೂತು ಮಾಡಿ ಸಾಲಾಗಿ ನಿಲ್ಲಿಸುವುದು ನನ್ನ ರೂಢಿ. ಆಮೇಲೆ ಬಿಸಿಲಿಗೆ ತಂದು ಒಂದೊಂದನ್ನೇ ನೋಡಿ. ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದ ಹೊತ್ತು ಇದು. ಆತುರ ಮಾಡಬೇಡಿ.

ಪಿಂಗಾಣಿಯ ತುದಿ ತಿಳಿ ಕಂದು ಬಣ್ಣ ಇದ್ದರೆ, ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣ ಅನ್ನಿ, ಆ ಸಿಲಿಂಡರ್ ಆರೋಗ್ಯವಾಗಿದೆ. ಬೂದು ಬಣ್ಣವೂ ಸರಿಯೇ.

ಒಣ ಕಪ್ಪು ಮಸಿ, ಬೆರಳಿಗೆ ಕಾಡಿಗೆ ಹತ್ತಿದ ಹಾಗೆ ಹತ್ತಿದರೆ, ಪೆಟ್ರೋಲ್ ಜಾಸ್ತಿ ಬರುತ್ತಿದೆ ಅಥವಾ ಗಾಳಿ ಸಾಲುತ್ತಿಲ್ಲ. ಮೂರರಲ್ಲೂ ಹಾಗೇ ಇದ್ದರೆ ಏರ್ ಫಿಲ್ಟರ್ ನೋಡಿ, ಚೋಕ್ ಪೂರ್ತಿ ವಾಪಸ್ ಹೋಗುತ್ತಿದೆಯಾ ನೋಡಿ. ನಮ್ಮ ಗಾಡಿಯಲ್ಲಿ ಒಂದು ಸಲ ಚೋಕ್ ಕೇಬಲ್ ಒಳಗೆ ತುಕ್ಕು ಹಿಡಿದು, ಗುಂಡಿ ಒಳಗೆ ತಳ್ಳಿದರೂ ಕಾರ್ಬ್ಯುರೇಟರಿನಲ್ಲಿ ಚೋಕ್ ಅರ್ಧ ಮುಚ್ಚಿಯೇ ಇರುತ್ತಿತ್ತು. ಮೈಲೇಜ್ ಬಿದ್ದದ್ದಕ್ಕೆ ತಿಂಗಳುಗಟ್ಟಲೆ ಕಾರಣ ಗೊತ್ತಾಗಿರಲಿಲ್ಲ. ಪ್ಲಗ್ಗಿನ ಮಸಿ ಅದನ್ನು ಹೇಳಿತು. ದಿನಾ ಎರಡು ಕಿ.ಮೀ. ಮಾತ್ರ ಓಡುವ ಗಾಡಿಯಲ್ಲೂ ಮಸಿ ಕೂರುತ್ತದೆ, ಪ್ಲಗ್ ಬಿಸಿಯಾಗುವ ಮೊದಲೇ ಮನೆ ಬಂದಿರುತ್ತದೆ ಅಲ್ವಾ? ಅಂಥ ಗಾಡಿಯನ್ನು ವಾರಕ್ಕೊಮ್ಮೆ ದೂರ ಓಡಿಸಿ.

ಕಪ್ಪು ಇದ್ದು ಜಿಡ್ಡಾಗಿ, ಒದ್ದೆಯಾಗಿ ಹೊಳೆಯುತ್ತಿದ್ದರೆ ಅದು ಇಂಜಿನ್ ಆಯಿಲ್. ಪಿಸ್ಟನ್ ರಿಂಗ್ ಸವೆದಿರಬಹುದು ಅಥವಾ ವಾಲ್ವ್ ಸೀಲ್ ಗಟ್ಟಿಯಾಗಿ ಸೋರುತ್ತಿರಬಹುದು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ಒಂದು ಬುಸ್ ನೀಲಿ ಹೊಗೆ ಬಂದು ನಿಂತರೆ ಸಾಮಾನ್ಯವಾಗಿ ಸೀಲ್. ಓಡುವಾಗ, ಅದರಲ್ಲೂ ಎಳೆಯುವಾಗ ಹೊಗೆ ಬರುತ್ತಲೇ ಇದ್ದರೆ ರಿಂಗ್. ಹೊಸ ಪ್ಲಗ್ ಹಾಕಿದರೆ ಇದು ವಾಸಿಯಾಗುವುದಿಲ್ಲ, ಕೆಲವು ದಿನ ಮುಚ್ಚಿಹೋಗುತ್ತದೆ ಅಷ್ಟೆ.

ಪಿಂಗಾಣಿ ಸುಣ್ಣದ ಹಾಗೆ ಬೆಳ್ಳಗಿದ್ದು, ಅಲ್ಲಲ್ಲಿ ಸಣ್ಣ ಗುಳ್ಳೆ ಎದ್ದಿದ್ದರೆ ಪ್ಲಗ್ ವಿಪರೀತ ಕಾದಿದೆ. ಪೆಟ್ರೋಲ್ ಕಡಿಮೆ ಬರುತ್ತಿರಬಹುದು, ಎಲ್ಲೋ ಗಾಳಿ ಕಳ್ಳದಾರಿಯಲ್ಲಿ ಒಳಗೆ ಹೋಗುತ್ತಿರಬಹುದು, ಟೈಮಿಂಗ್ ಮುಂದೆ ಹೋಗಿ ಕಿಡಿ ಬೇಗ ಹಾರುತ್ತಿರಬಹುದು ಅಥವಾ ತಪ್ಪು ಅಂಕಿಯ ಪ್ಲಗ್ ಹಾಕಿರಬಹುದು. ಇದನ್ನು ಹಾಗೇ ಬಿಡಬೇಡಿ, ಪಿಸ್ಟನ್ ಸುಡುವ ದಾರಿ ಇದು. ಆದರೆ ಎಲ್‌ಪಿಜಿ ಕಿಟ್ ಇರುವ ಗಾಡಿಯಲ್ಲಿ ಪ್ಲಗ್ ಸ್ವಲ್ಪ ಬೆಳ್ಳಗೇ ಇರುತ್ತದೆ. ಗ್ಯಾಸಿನಲ್ಲಿ ಮಸಿ ಕಡಿಮೆ. ಅದನ್ನು ನೋಡಿ ಗಾಬರಿ ಬೇಡ, ಗುಳ್ಳೆ ಇದೆಯಾ ಎಂದು ಮಾತ್ರ ನೋಡಿ.

ಮೂರೂ ಒಂದೇ ತರಹ ಇದ್ದರೆ ಕಾರಣ ಎಲ್ಲಕ್ಕೂ ಸೇರಿದ್ದು: ಫಿಲ್ಟರ್, ಕಾರ್ಬ್ಯುರೇಟರ್, ಟೈಮಿಂಗ್. ಒಂದು ಮಾತ್ರ ಬೇರೆ ಇದ್ದರೆ ಆ ಸಿಲಿಂಡರಿನದ್ದೇ ಏನೋ ತೊಂದರೆ: ಅದರ ವೈರು, ಅದರ ವಾಲ್ವ್, ಅದರ ರಿಂಗ್. ನಾನು ಪ್ಲಗ್ ನೋಡುವಾಗ ಬಣ್ಣಕ್ಕಿಂತ ಮೊದಲು ಈ ವ್ಯತ್ಯಾಸವನ್ನೇ ಹುಡುಕುತ್ತೇನೆ. ಫೋಟೋ ತೆಗೆದು ಕಿ.ಮೀ. ಬರೆದಿಟ್ಟರೆ ಮುಂದಿನ ಸಲ ಹೋಲಿಸಬಹುದು.

ಹಳೆ ಪ್ಲಗ್ಗನ್ನೇ ಉಜ್ಜಿ ಮತ್ತೆ ಹಾಕಬಹುದಾ? ದಾರಿಯಲ್ಲಿ ನಿಂತಾಗ ಹಾಕಬಹುದು. ಆದರೆ ತಂತಿ ಬ್ರಷ್ಷಿನಿಂದ ಪಿಂಗಾಣಿ ಉಜ್ಜಿದರೆ ಲೋಹದ ಗೆರೆ ಅದರ ಮೇಲೆ ಉಳಿಯುತ್ತದೆ. ಕಿಡಿ ಹಾರುವ ಬದಲು ಕರೆಂಟು ಆ ಗೆರೆಯಲ್ಲೇ ಇಳಿದುಹೋಗುತ್ತದೆ. ನಡುಕಡ್ಡಿಯ ಅಂಚು ದುಂಡಗೆ ಸವೆದಿದ್ದರಂತೂ ಉಜ್ಜಿ ಪ್ರಯೋಜನವಿಲ್ಲ. ಕಿಡಿ ಹಾರುವುದು ಚೂಪು ಅಂಚಿನಿಂದಲೇ ಸುಲಭ.

ಗ್ಯಾಪ್

ಹೊಸ ಪ್ಲಗ್ ಡಬ್ಬಿಯಿಂದಲೇ ಸರಿಯಾದ ಗ್ಯಾಪ್ ಜೊತೆ ಬರುತ್ತದೆ ಎಂದು ನಂಬಬೇಡಿ. ಸಾಗಿಸುವಾಗ ಎಲ್ಲೋ ತಾಗಿ ಮುಚ್ಚಿರಬಹುದು. ನಮ್ಮ ಕಾರ್ಬ್ಯುರೇಟರ್ ಗಾಡಿಗೆ 0.7ರಿಂದ 0.8 ಮಿ.ಮೀ. ಬೇಕು. ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಬಿಡುವ ಎಂಪಿಎಫ್‌ಐ ಗಾಡಿಗಳಿಗೆ ಬೇರೆ ಇರುತ್ತದೆ. ಎನ್‌ಜಿಕೆ ಕೋಡಿನ ಕೊನೆಗೆ 11 ಎಂದಿದ್ದರೆ ಅದು 1.1 ಮಿ.ಮೀ. ಗ್ಯಾಪಿನದು. ನಿಮ್ಮ ಮ್ಯಾನ್ಯುವಲ್ ಹೇಳಿದ್ದೇ ಕೊನೆ ಮಾತು.

ಫೀಲರ್ ಗೇಜಿನ 0.75ರ ಎಲೆ ನಡುವೆ ತೂರಿಸಿ. ಸ್ವಲ್ಪ ಹಿಡಿತ ಸಿಗುವ ಹಾಗೆ ಜಾರಬೇಕು. ಸಡಿಲ ಇದ್ದರೆ ಬಾಗಿದ ಕಡ್ಡಿಯನ್ನು ಮರದ ತುಂಡಿನ ಮೇಲೆ ಮೆಲ್ಲಗೆ ತಟ್ಟಿ. ಬಿಗಿ ಇದ್ದರೆ ಅದೇ ಕಡ್ಡಿಯನ್ನು ಇಕ್ಕಳದಲ್ಲಿ ಒಂದು ಚೂರು ಎತ್ತಿ. ನಡುಕಡ್ಡಿಗೆ ಆನಿಸಿ ಮೀಟಬೇಡಿ, ಪಿಂಗಾಣಿ ಒಳಗೇ ಬಿರುಕು ಬಿಡುತ್ತದೆ, ಹೊರಗೆ ಕಾಣುವುದಿಲ್ಲ. ಪ್ಲಗ್ ಕೈಜಾರಿ ಸಿಮೆಂಟ್ ನೆಲಕ್ಕೆ ಬಿದ್ದರೆ ಅದನ್ನು ಹಾಕಬೇಡಿ. ಬೇಸರ ಆಗುತ್ತದೆ, ಆದರೂ ಬೇಡ.

ಬೆರಳು ಮೊದಲು, ಸ್ಪ್ಯಾನರ್ ಆಮೇಲೆ

ಕೆಲವು ವರ್ಷದ ಹಿಂದೆ ಒಂದು ಗ್ಯಾರೇಜಿನಲ್ಲಿ ನಮ್ಮ ಗಾಡಿಯ ಪ್ಲಗ್ ಬದಲಿಸಿದರು. ಹುಡುಗ ಪ್ಲಗ್ಗನ್ನು ನೇರ ಸ್ಪ್ಯಾನರಿಗೆ ಸಿಕ್ಕಿಸಿ, ಉದ್ದ ಹಿಡಿಯಿಂದ ಗರಗರ ತಿರುಗಿಸಿದ. ಎರಡನೇ ಸಿಲಿಂಡರಿನದು ಓರೆಯಾಗಿ ಇಳಿದಿತ್ತು. ವಾರ ಕಳೆಯುವಷ್ಟರಲ್ಲಿ ಅಲ್ಲಿಂದ ‘ಚಟ್ ಚಟ್’ ಎಂದು ಗಾಳಿ ಹೊಡೆಯಲು ಶುರುವಾಯಿತು. ಬಿಚ್ಚಿದರೆ ಅಲ್ಯೂಮಿನಿಯಂ ಥ್ರೆಡ್ ಪ್ಲಗ್ಗಿನ ಜೊತೆ ಸುರುಳಿಯಾಗಿ ಬಂತು. ಹೆಡ್ ಇಳಿಸಿ, ಶಿವಮೊಗ್ಗದ ಲೇತ್ ಅಂಗಡಿಗೆ ಒಯ್ದು, ಹೊಸ ಥ್ರೆಡ್ ಬಳೆ ಕೂರಿಸಿಕೊಂಡು ಬರಲು ಆದ ಖರ್ಚಿನಲ್ಲಿ ಹತ್ತಾರು ಸೆಟ್ ಪ್ಲಗ್ ಬರುತ್ತಿತ್ತು. ಅಂದಿನಿಂದ ಅಪ್ಪ ನನಗೆ ಹೇಳುವುದು ಒಂದೇ ಮಾತು: ‘ಮಗಾ, ಮೊದಲು ಬೆರಳಲ್ಲಿ ತಿರುಗಿಸು. ಸ್ಪ್ಯಾನರ್ ಆಮೇಲೆ.’

ಹೀಗೆ ಮಾಡಿ. ಪ್ಲಗ್ಗಿನ ತಲೆಗೆ ರಬ್ಬರ್ ಪೈಪು ಸಿಕ್ಕಿಸಿ. ಪೈಪಿನ ಇನ್ನೊಂದು ತುದಿ ಹಿಡಿದು ಪ್ಲಗ್ಗನ್ನು ತೂತಿಗೆ ಇಳಿಸಿ. ಮೊದಲು ಎಡಕ್ಕೆ, ಬಿಚ್ಚುವ ದಿಕ್ಕಿಗೆ, ಮೆಲ್ಲಗೆ ತಿರುಗಿಸಿ. ಒಂದು ಕಡೆ ಪ್ಲಗ್ ‘ಟಿಕ್’ ಎಂದು ಕೂದಲೆಳೆಯಷ್ಟು ಕೆಳಗೆ ಬೀಳುತ್ತದೆ. ಥ್ರೆಡ್ಡಿನ ಬಾಯಿ ಸಿಕ್ಕಿತು ಎಂದರ್ಥ. ಅಲ್ಲಿಂದ ಬಲಕ್ಕೆ ತಿರುಗಿಸಿ. ಸರಿಯಾಗಿ ಇಳಿದರೆ ಬೆರಳಲ್ಲೇ ಆರೇಳು ಸುತ್ತು ಸಲೀಸಾಗಿ ಹೋಗುತ್ತದೆ. ಓರೆಯಾಗಿ ಕಚ್ಚಿದರೆ ರಬ್ಬರ್ ಪೈಪು ಜಾರುತ್ತದೆ, ಥ್ರೆಡ್ ಕೆಡಿಸುವಷ್ಟು ಬಲ ಅದಕ್ಕೆ ಇಲ್ಲ. ಈ ತುಂಡು ಪೈಪನ್ನು ನಾನು ಇಷ್ಟು ಹೊಗಳುವುದು ಇದಕ್ಕೇ. ಒಂದು ಸುತ್ತಿಗೇ ಬಿಗಿಯಾದರೆ ಬಿಚ್ಚಿ, ಮತ್ತೆ ಮೊದಲಿಂದ ಶುರು ಮಾಡಿ. ಹತ್ತು ಸಲ ಆದರೂ ಪರವಾಗಿಲ್ಲ.

ವಾಷರ್ ಹೆಡ್ಡಿಗೆ ತಾಗಿ ಬೆರಳಿಗೆ ಮುಂದೆ ಹೋಗದಿದ್ದಾಗ ಮಾತ್ರ ಸ್ಪ್ಯಾನರ್ ತೆಗೆದುಕೊಳ್ಳಿ. ಟಾರ್ಕ್ ರೆಂಚ್ ಇದ್ದರೆ 25 ನ್ಯೂಟನ್ ಮೀಟರಿಗೆ ಬಿಗಿ ಮಾಡಿ. ಇಲ್ಲದಿದ್ದರೆ ಹೊಸ ವಾಷರ್ ಇರುವ ಪ್ಲಗ್ಗಿಗೆ ಅಲ್ಲಿಂದ ಅರ್ಧ ಸುತ್ತು, ಹೆಚ್ಚೆಂದರೆ ಮೂರರಲ್ಲಿ ಎರಡು ಪಾಲು ಸುತ್ತು. ವಾಷರ್ ಚಪ್ಪಟೆಯಾಗುವುದು ಕೈಗೆ ಗೊತ್ತಾಗುತ್ತದೆ, ಮೊದಲು ಮೆತ್ತಗೆ ಹೋಗಿ ಆಮೇಲೆ ಗಟ್ಟಿ ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಿ. ಅಂದಾಜಿಗೆ ಸುಲಭವಾಗಲಿ ಎಂದು ಹಿಡಿಯ ಮೇಲೆ ಮೊದಲೇ ಪೆನ್ನಿನಿಂದ ಗುರುತು ಮಾಡಿಕೊಳ್ಳಿ.

ಥ್ರೆಡ್ಡಿಗೆ ಗ್ರೀಸ್ ಅಥವಾ ಆಯಿಲ್ ಹಚ್ಚುವ ಅಭ್ಯಾಸ ಕೆಲವರಿಗಿದೆ. ನಾನು ಹಚ್ಚುವುದಿಲ್ಲ. ಒಳ್ಳೆಯ ಪ್ಲಗ್ಗಿನ ಥ್ರೆಡ್ಡಿಗೆ ಕಂಪನಿಯೇ ಲೇಪ ಕೊಟ್ಟಿರುತ್ತದೆ. ಜಿಡ್ಡು ಇದ್ದರೆ ಅದೇ ಬಲಕ್ಕೆ ಪ್ಲಗ್ ಇನ್ನೂ ಜಾಸ್ತಿ ಬಿಗಿಯಾಗಿ, ಥ್ರೆಡ್ ಎಳೆದುಕೊಳ್ಳುತ್ತದೆ.

ಇನ್ನು ವೈರು. ಕ್ಯಾಪಿನ ಒಳಗೆ ಟಾರ್ಚ್ ಬಿಟ್ಟು ನೋಡಿ. ಹಸಿರು ಕಿಲುಬು ಇದ್ದರೆ ಉಜ್ಜಿ ತೆಗೆಯಿರಿ. ರಬ್ಬರ್ ಬಿರುಕು ಬಿಟ್ಟಿದ್ದರೆ ವೈರಿನ ಸೆಟ್ಟನ್ನೇ ಬದಲಿಸಿ. ಮಲ್ಟಿಮೀಟರ್ ಇದ್ದರೆ ಮೂರೂ ವೈರಿನ ಓಮ್ ಅಳೆಯಿರಿ. ಒಂದು ಮಾತ್ರ ಉಳಿದವಕ್ಕಿಂತ ತೀರಾ ಜಾಸ್ತಿ ತೋರಿಸಿದರೆ ಅಥವಾ ಏನೂ ತೋರಿಸದಿದ್ದರೆ ಒಳಗಿನ ಎಳೆ ತುಂಡಾಗಿದೆ. ಆಮೇಲೆ ನಂಬರ್ ನೋಡಿ ಆಯಾ ಪ್ಲಗ್ಗಿಗೆ ಒತ್ತಿ ಕೂರಿಸಿ. ‘ಟಕ್’ ಎಂದು ಕೂತದ್ದು ಬೆರಳಿಗೆ ತಿಳಿಯಬೇಕು.

ಸ್ಟಾರ್ಟ್ ಮಾಡಿದ ಮೇಲೆ

ಬಾನೆಟ್ ಒಳಗೆ ಬಟ್ಟೆ, ಸ್ಪ್ಯಾನರ್ ಬಿಟ್ಟಿಲ್ಲ ತಾನೇ ಎಂದು ನೋಡಿ. ಆಮೇಲೆ ಸ್ಟಾರ್ಟ್ ಮಾಡಿ, ಐದು ನಿಮಿಷ ಐಡಲ್‌ನಲ್ಲಿ ಬಿಡಿ. ಮೂರು ಸಿಲಿಂಡರಿನ ಇಂಜಿನ್ ಸ್ವಲ್ಪ ನಡುಗುವುದು ಸಹಜ, ಆದರೆ ಆ ನಡುಕಕ್ಕೆ ಒಂದು ಲಯ ಇರಬೇಕು. ನಡುವೆ ತಪ್ಪುತ್ತಿದ್ದರೆ ಆಫ್ ಮಾಡಿ. ವೈರಿನ ಕ್ರಮ, ವೈರು ಪೂರ್ತಿ ಕೂತಿದೆಯಾ, ಇವೆರಡನ್ನು ಮೊದಲು ನೋಡಿ. ಹತ್ತಕ್ಕೆ ಒಂಬತ್ತು ಸಲ ತಪ್ಪು ಅಲ್ಲೇ ಇರುತ್ತದೆ. ‘ಚಟ್ ಚಟ್’ ಸದ್ದು ಬಂದರೆ ಪ್ಲಗ್ ಸಡಿಲ ಇದೆ.

ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಲು ಓಡುವ ಇಂಜಿನ್ನಿನಲ್ಲಿ ಒಂದೊಂದೇ ವೈರು ಕಿತ್ತು ನೋಡುವ ಪದ್ಧತಿ ಇದೆ. ಮಾಡಬೇಡಿ. ಶಾಕ್ ಜೋರಾಗಿ ಹೊಡೆಯುತ್ತದೆ, ಹೃದಯದ ತೊಂದರೆ ಇರುವವರಿಗೆ ಅಪಾಯ. ಕಿಡಿಗೆ ಹೋಗಲು ದಾರಿ ಇಲ್ಲದೆ ಕಾಯಿಲ್ ಕೂಡ ಕೆಡಬಹುದು. ಅದರ ಬದಲು ರಾತ್ರಿ, ಲೈಟೆಲ್ಲ ಆರಿಸಿ, ಇಂಜಿನ್ ಓಡುವಾಗ ದೂರ ನಿಂತು ಬಾನೆಟ್ ಒಳಗೆ ನೋಡಿ. ವೈರಿನ ಮೇಲೆ ಅಥವಾ ಪ್ಲಗ್ಗಿನ ಬುಡದಲ್ಲಿ ನೀಲಿ ಮಿಂಚು ಹರಿದಾಡಿದರೆ ಅಲ್ಲಿ ಕರೆಂಟು ಸೋರುತ್ತಿದೆ. ಮಳೆಗಾಲದ ರಾತ್ರಿ ಇದು ಸೊಗಸಾಗಿ ಕಾಣುತ್ತದೆ. ಕೈ ಮಾತ್ರ ಹತ್ತಿರ ಒಯ್ಯಬೇಡಿ.

ಹಳೆಯ ಮೂರರಲ್ಲಿ ಚೆನ್ನಾಗಿರುವ ಒಂದನ್ನು ಒರೆಸಿ, ಹೊಸದರ ಡಬ್ಬಿಯಲ್ಲೇ ಹಾಕಿ, ಸ್ಪ್ಯಾನರ್ ಮತ್ತು ರಬ್ಬರ್ ಪೈಪಿನ ಜೊತೆ ಡಿಕ್ಕಿಯಲ್ಲಿಡಿ. ಆಗುಂಬೆಯ ತಿರುವಿನಲ್ಲಿ ಗಾಡಿ ನಿಂತರೆ ಅಂಗಡಿ ಹುಡುಕಿಕೊಂಡು ಹೋಗಲು ಆಗುವುದಿಲ್ಲ.

500 ಕಿ.ಮೀ. ಓಡಿದ ಮೇಲೆ ಒಂದು ಬೆಳಿಗ್ಗೆ ನಡುವಿನ ಪ್ಲಗ್ ಒಂದನ್ನೇ ಬಿಚ್ಚಿ ಬಣ್ಣ ನೋಡಿ. ಅಷ್ಟರಲ್ಲಿ ಕಂದು ಬಣ್ಣ ಬರಲು ಶುರುವಾಗಿರುತ್ತದೆ. ವಾಪಸ್ ಹಾಕುವಾಗ ಅದರ ವಾಷರ್ ಆಗಲೇ ಚಪ್ಪಟೆಯಾಗಿರುತ್ತದೆ, ಹಾಗಾಗಿ ಅರ್ಧ ಸುತ್ತು ಬೇಡ. ಬೆರಳಿಗೆ ಬಿಗಿಯಾದ ಮೇಲೆ ಸ್ಪ್ಯಾನರಿನಲ್ಲಿ ಹನ್ನೆರಡರಲ್ಲಿ ಒಂದು ಪಾಲು ಸುತ್ತು, ಅಂದರೆ ಗಡಿಯಾರದ ಗಂಟೆ ಮುಳ್ಳು ಒಂದು ಗಂಟೆಯಲ್ಲಿ ಸರಿಯುವಷ್ಟು ತಿರುಗಿಸಿದರೆ ಸಾಕು.